ಸಾವಿನ ಮನೆಗೆ ನಾವು ಕೊಂಡೊಯ್ಯುವ ಮಾತು

(ಕಾಗಾಲದಲ್ಲಿ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲ, ಬಡ್ಡಿ ಎಲ್ಲದರ ಲೆಕ್ಕ ಮುಗಿಸಿದ್ದೀರಿ. ಮನೆಗೆ ಹೋಗುವ ಮೊದಲು ಇನ್ನರ್ಧ ಗಂಟೆ ಬೇರೊಂದು ವಿಷಯ ಮಾತಾಡೋಣ. ಬಾಳಿ ಬದುಕಬೇಕಾದ ಜೀವವೊಂದು ಇದ್ದಕ್ಕಿದ್ದಂತೆ ಹೋದಾಗ ಹೊರಗಿನವರಾದ ನಾವು ಏನು ಮಾಡುತ್ತೇವೆ, ಏನು ಮಾಡಬೇಕು ಎಂಬುದೇ ಆ ವಿಷಯ.

2021ರ ಅಕ್ಟೋಬರ್ 29, ಶುಕ್ರವಾರ. ಆ ದಿನ ನೀವು ಎಲ್ಲಿದ್ದಿರಿ ಎಂದು ಕೇಳಿದರೆ ಈಗಲೂ ಪ್ರತಿಯೊಬ್ಬರೂ ಹೇಳುತ್ತೀರಿ. ಡಾ. ರಾಜ್‌ಕುಮಾರ್ ಅವರ ಕಿರಿಯ ಮಗ ಪುನೀತ್ ರಾಜ್‌ಕುಮಾರ್ ಬೆಳಿಗ್ಗೆ ಎದೆ ನೋವೆಂದು ವೈದ್ಯರ ಹತ್ತಿರ ಹೋದವರು, ಮಧ್ಯಾಹ್ನದ ಹೊತ್ತಿಗೆ ಇಲ್ಲ ಎಂಬ ಸುದ್ದಿ ಬಂತು. ವಯಸ್ಸು 46. ಎರಡು ಹೆಣ್ಣು ಮಕ್ಕಳ ತಂದೆ. ಆದರೂ ನಮಗೆಲ್ಲ ಅವರು ಅಣ್ಣಾವ್ರ ಮನೆಯ ಮಗುವಾಗಿಯೇ ಉಳಿದಿದ್ದರು. ಕೂಸಾಗಿದ್ದಾಗಲೇ ಅಪ್ಪನ ಚಿತ್ರಗಳಲ್ಲಿ ಕಂಡವರು. ‘ಬೆಟ್ಟದ ಹೂವು’ ಚಿತ್ರಕ್ಕೆ ಬಾಲನಟನೆಂದು ರಾಷ್ಟ್ರಪ್ರಶಸ್ತಿ ಪಡೆದವರು. ನಮ್ಮ ಭಟ್ಕಳದ ನೇತ್ರಾಣಿ ದ್ವೀಪದ ನೀರಿಗೂ ಇಳಿದು ಚಿತ್ರ ತೆಗೆಸಿದ್ದರು. ಆ ‘ಗಂಧದ ಗುಡಿ’ ತೆರೆಗೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ, ಅವರು ಹೋಗಿ ಒಂದು ವರ್ಷಕ್ಕೆ. ಹಾಗಾಗಿ ‘ಅಪ್ಪು ಹೋದ’ ಎಂದಾಗ ನಮ್ಮ ಹಳ್ಳಿಗಳಲ್ಲಿ ಹೆಂಗಸರು ತಮ್ಮ ಮನೆಯ ಹುಡುಗನೇ ಹೋದಂತೆ ಅತ್ತರು. ಅತ್ತದ್ದು ತಪ್ಪಲ್ಲ. ಪ್ರೀತಿ ಇದ್ದಲ್ಲಿ ಕಣ್ಣೀರು ಬರುತ್ತದೆ.

ಆದರೆ ಆ ದಿನಗಳಲ್ಲಿ ಕಣ್ಣೀರಿನ ಜೊತೆ ಇನ್ನೂ ಏನೇನು ಬಂತು, ಸ್ವಲ್ಪ ನೆನಪು ಮಾಡಿಕೊಳ್ಳೋಣ.

ಮೊದಲಿಗೆ ಬಂದದ್ದು ‘ಯಾರ ತಪ್ಪು?’ ಎಂಬ ಮಾತು. ಜಿಮ್‌ನದ್ದು ತಪ್ಪು ಎಂದರು. ವೈದ್ಯರದ್ದು ತಪ್ಪು ಎಂದರು. ಕಡೆಗೆ ಮೊದಲು ನೋಡಿದ ಕುಟುಂಬ ವೈದ್ಯರ ಮನೆಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಎರಡನೆಯದು ಹೆದರಿಕೆ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತೋರಿಸಿಕೊಳ್ಳಲು ಜನ ಸಾಲುಗಟ್ಟಿದರು. ಮೂರನೆಯದು ಎಲ್ಲಕ್ಕಿಂತ ದುಃಖದ್ದು. ಕೆಲವು ಅಭಿಮಾನಿಗಳು ತಮ್ಮ ಪ್ರಾಣವನ್ನೇ ಕಳೆದುಕೊಂಡರು. ತಮ್ಮನನ್ನು ಕಳೆದುಕೊಂಡ ಅಣ್ಣಂದಿರೇ ಮುಂದೆ ಬಂದು, ದುಡುಕಬೇಡಿ ಎಂದು ಜನರನ್ನು ಬೇಡಿಕೊಳ್ಳಬೇಕಾಯಿತು. ಯೋಚನೆ ಮಾಡಿ. ಸಮಾಧಾನ ಯಾರು ಯಾರಿಗೆ ಹೇಳಬೇಕಿತ್ತು?

ಒಳ್ಳೆಯದೂ ಬಂತು, ಅದನ್ನೂ ಹೇಳಬೇಕು. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಗಲಭೆ ಎದ್ದು, ವಾಹನಗಳು ಸುಟ್ಟು, ಪೊಲೀಸ್ ಪೇದೆಯೊಬ್ಬರೂ ಸೇರಿ ಹಲವರ ಜೀವ ಹೋಗಿತ್ತು. ಹದಿನೈದು ವರ್ಷದ ಮೇಲೆ ಮಗ ಹೋದಾಗ ಲಕ್ಷಾಂತರ ಜನ ಕಂಠೀರವ ಕ್ರೀಡಾಂಗಣದಲ್ಲಿ ಸಾಲಿನಲ್ಲಿ ನಿಂತು ನೋಡಿ ಹೋದರು. ಅಮೆರಿಕದಿಂದ ದೊಡ್ಡ ಮಗಳು ಬರುವವರೆಗೆ ಕಾದರು. ಅಕ್ಟೋಬರ್ 31ರ ಬೆಳಗಿನ ಜಾವ ತಂದೆ ತಾಯಿಯ ಸಮಾಧಿಯ ಹತ್ತಿರವೇ ಮಣ್ಣು ಮಾಡಿದರು. ಜನ ಕಲಿತಿದ್ದರು. ಜನ ಕಲಿಯುತ್ತಾರೆ, ನಾವೂ ಕಲಿಯಬಹುದು.

ಇನ್ನೊಂದು ದೊಡ್ಡ ಒಳ್ಳೆಯದು ಕಣ್ಣಿನದು. ತಂದೆಯ ಹಾಗೆಯೇ ಮಗನ ಕಣ್ಣುಗಳನ್ನೂ ಮನೆಯವರು ದಾನ ಮಾಡಿದರು. ಕಣ್ಣಿನ ಮುಂದಿನ ಕನ್ನಡಿಯಂಥ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ನಾರಾಯಣ ನೇತ್ರಾಲಯದ ವೈದ್ಯರು ಅದರ ಮುಂದಿನ ಭಾಗ, ಹಿಂದಿನ ಭಾಗ ಬೇರೆ ಬೇರೆ ಮಾಡಿ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರು. ಆಮೇಲೆ ಕರ್ನಾಟಕದ ತುಂಬ ನೇತ್ರದಾನಕ್ಕೆ ಹೆಸರು ಬರೆಸುವವರು ಹೆಚ್ಚಿದರು. ಒಂದೇ ಸಾವು. ಒಬ್ಬ ಕಲ್ಲು ಹುಡುಕಿದ, ಇನ್ನೊಬ್ಬ ಕಣ್ಣು ಕೊಟ್ಟ. ಇಬ್ಬರೂ ಪ್ರೀತಿಯಿಂದಲೇ ಮಾಡಿದ್ದೇವೆ ಎಂದುಕೊಂಡಿದ್ದರು.

‘ಅದೆಲ್ಲ ದೊಡ್ಡವರ ಮನೆಯ ಕತೆ, ನಮಗೆಂತಕ್ಕೆ ಸಿಸ್ಟರ್?’ ಎಂದು ಕೇಳಬಹುದು. ನಮ್ಮ ಸಂಘವೊಂದರಲ್ಲಿ ನಡೆದದ್ದನ್ನು ಹೇಳುತ್ತೇವೆ. ಹೆಸರು ಬೇಡ, ಊರು ಬೇಡ.

ಒಬ್ಬ ಸದಸ್ಯೆಯ ಹತ್ತೊಂಬತ್ತು ವರ್ಷದ ಮಗ ದೋಣಿಗೆ ಹೋದವ ಜೀವಂತ ತಿರುಗಿ ಬರಲಿಲ್ಲ. ಸುದ್ದಿ ತಿಳಿದು ಎಲ್ಲರೂ ಓಡಿದೆವು. ‘ಅಂಥ ಗಾಳಿಯಲ್ಲಿ ಎಂತಕ್ಕೆ ಕಳಿಸಿದೆ?’ ಎಂದರು ಒಬ್ಬರು. ‘ಯಾರ ದೋಣಿ? ಕುಡಿದಿದ್ದನಾ?’ ಎಂದರು ಇನ್ನೊಬ್ಬರು. ‘ಆ ಮನೆಗೆ ಏನೋ ದೋಷ ಇದೆ’ ಎಂದು ಅಂಗಳದಲ್ಲಿ ಪಿಸುಪಿಸು ಮಾತು. ಹುಡುಗನ ಮುಖದ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗಿ, ಸಂಜೆಯೊಳಗೆ ಅವನ ತಂಗಿಯ ಮೊಬೈಲಿಗೇ ಬಂತು. ಸಮಾಜ ಕಾರ್ಯ ಓದಿದ ನಾವೂ ಆ ತಾಯಿಯ ಹತ್ತಿರ ಕುಳಿತು ಮೊದಲು ಕೇಳಿದ್ದು ‘ಹೇಗಾಯ್ತಮ್ಮ?’ ಎಂದೇ. ಇದನ್ನು ಒಪ್ಪಿಕೊಳ್ಳುತ್ತೇವೆ.

ಮುಂದಿನ ವಾರಗಳಲ್ಲಿ ಅವರು ಸಂಘಕ್ಕೆ ಬರಲಿಲ್ಲ. ಮೂರು ತಿಂಗಳ ಮೇಲೆ ಮನೆಗೆ ಹೋದಾಗ ಹೇಳಿದರು: ‘ಎಲ್ಲರೂ ಬಂದ್ರು ಸಿಸ್ಟರ್. ಅವ ಹ್ಯಾಂಗೆ ಸತ್ತ ಅಂತ ಎಲ್ಲರೂ ಕೇಳಿದ್ರು. ಹ್ಯಾಂಗೆ ಇದ್ದ ಅಂತ ಒಬ್ಬರೂ ಕೇಳಲಿಲ್ಲ.’ ಸಂಘದ ಪುಸ್ತಕ ತೆಗೆದು ನೋಡಿದೆವು. ಸಭೆಗೆ ಬಾರದ್ದಕ್ಕೆ ಅವರ ಹೆಸರಿನ ಮುಂದೆ ವಾರ ವಾರವೂ ದಂಡ ಬರೆದಿತ್ತು. ನಿಯಮದ ಪ್ರಕಾರ ಸರಿಯೇ. ಆದರೆ ನಮ್ಮ ತಲೆ ಬಗ್ಗಿತು.

ನಾವು ಹೀಗೆ ಮಾಡುವುದು ಕೆಟ್ಟವರೆಂದು ಅಲ್ಲ, ಹೆದರಿಕೆಯಿಂದ. ಇಂಥ ಸಾವು ನಮ್ಮ ಮನೆಗೂ ಬಂದರೆ ಎಂಬ ಹೆದರಿಕೆ ಒಳಗೆ ಇರುತ್ತದೆ. ಯಾರದೋ ತಪ್ಪು ಸಿಕ್ಕಿದರೆ, ‘ನಾವು ಆ ತಪ್ಪು ಮಾಡುವುದಿಲ್ಲ, ನಮಗೆ ಬರುವುದಿಲ್ಲ’ ಎಂದು ಮನಸ್ಸಿಗೆ ಧೈರ್ಯ. ನಮ್ಮ ಆ ಧೈರ್ಯದ ಬೆಲೆಯನ್ನು ಕಟ್ಟುವವಳು ಮಗು ಕಳೆದುಕೊಂಡ ತಾಯಿ. ಅವಳು ರಾತ್ರಿಯೆಲ್ಲ ತನ್ನನ್ನೇ ಅದೇ ಪ್ರಶ್ನೆ ಕೇಳಿಕೊಂಡಿರುತ್ತಾಳೆ. ಬೆಳಿಗ್ಗೆ ನಾವೂ ಹೋಗಿ ಕೇಳಬೇಕಾ?

ಗಾಯಕಿ ಕೆ.ಎಸ್. ಚಿತ್ರಾ ಅವರ ಧ್ವನಿ ನಿಮಗೆಲ್ಲ ಗೊತ್ತು. ಕನ್ನಡದಲ್ಲಿ ಎಷ್ಟೋ ಹಾಡು ಹಾಡಿದ್ದಾರೆ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಒಬ್ಬಳೇ ಮಗಳು ನಂದನಾ 2011ರ ಏಪ್ರಿಲ್‌ನಲ್ಲಿ ದುಬೈಯಲ್ಲಿ ಈಜುಕೊಳಕ್ಕೆ ಬಿದ್ದು ತೀರಿಕೊಂಡಳು. ಎಂಟು ವರ್ಷದ ಮಗು. ಚಿತ್ರಾ ಅವರು ಮತ್ತೆ ಹಾಡಿದರು. ಆದರೆ ಮಗಳನ್ನು ಮರೆತು ಹಾಡಿದ್ದಲ್ಲ. ಮಗಳ ನೆನಪಿನ ದಿನಗಳಲ್ಲಿ ಇಂದಿಗೂ ಅವಳ ಹೆಸರು ಹಿಡಿದು ಬರೆದು ಎಲ್ಲರ ಜೊತೆ ಹಂಚಿಕೊಳ್ಳುತ್ತಾರೆ. ಹೆಸರು ಎತ್ತಿದರೆ ತಾಯಿಗೆ ನೋವಾಗುತ್ತದೆ ಎಂದು ನಾವು ಸುಮ್ಮನಾಗುತ್ತೇವೆ. ಅವಳು ಆ ಹೆಸರು ಕೇಳಲು ಕಾಯುತ್ತಿರಬಹುದು.

ಹಾಗಾದರೆ ನಾವು ಏನು ಮಾಡೋಣ?

1. ಸಾವಿನ ಮನೆಯಲ್ಲಿ ಕಾರಣ ಕೇಳುವುದು ಬೇಡ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಮಾತು ಬಾರದಿದ್ದರೆ ಕೈ ಹಿಡಿದು ಸುಮ್ಮನೆ ಕುಳಿತರೂ ಸಾಕು.

2. ಮಾತಿಗಿಂತ ಕೆಲಸ ದೊಡ್ಡದು. ಒಬ್ಬರು ಗಂಜಿ ಬೇಯಿಸಿ, ಒಬ್ಬರು ಕೊಟ್ಟಿಗೆ ನೋಡಿಕೊಳ್ಳಿ, ಒಬ್ಬರು ಆ ಮನೆಯ ಉಳಿದ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ. ದೊಡ್ಡವರ ಗಲಾಟೆಯಲ್ಲಿ ಆ ಮಕ್ಕಳನ್ನು ಎಲ್ಲರೂ ಮರೆಯುತ್ತಾರೆ.

3. ಶವದ ಫೋಟೋ ತೆಗೆಯಬೇಡಿ. ಬಂದರೆ ಮುಂದೆ ಕಳಿಸಬೇಡಿ, ಅಳಿಸಿಬಿಡಿ.

4. ಸಾವಾದ ಮನೆಯ ಸದಸ್ಯೆಗೆ ಮೂರು ತಿಂಗಳು ಕಂತು ಮುಂದೂಡಲು, ದಂಡ ಹಾಕದಿರಲು ಸಂಘದಲ್ಲೇ ಠರಾವು ಮಾಡಿ. ಬ್ಯಾಂಕಿನ ಸಾಲವಿದ್ದರೆ ಪ್ರತಿನಿಧಿಗಳು ಹೋಗಿ ಮ್ಯಾನೇಜರರ ಹತ್ತಿರ ಮಾತಾಡಿ.

5. ಹತ್ತು ದಿನ ಎಲ್ಲರೂ ಬರುತ್ತಾರೆ, ಆಮೇಲೆ ಮನೆ ಖಾಲಿ. ನಲವತ್ತನೇ ದಿನ ಹೋಗಿ, ಹುಟ್ಟಿದ ದಿನ ಹೋಗಿ, ಹಬ್ಬದ ದಿನ ಹೋಗಿ.

6. ‘ನನಗೆ ಬದುಕು ಬೇಡ’ ಎಂದು ಯಾರಾದರೂ ಹೇಳಿದರೆ ಬರೀ ಮಾತೆಂದು ಬಿಡಬೇಡಿ. ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

7. ಎದೆ ನೋವು, ಎಡಗೈ ಸೆಳೆತ, ಬೆವರು, ಉಸಿರು ಕಟ್ಟುವುದು, ಇವನ್ನು ‘ಗ್ಯಾಸ್’ ಎಂದು ಸೋಡಾ ಕುಡಿದು ಮಲಗಬೇಡಿ. ಹೆಂಗಸರಲ್ಲಿ ಬರೀ ಸುಸ್ತು, ವಾಕರಿಕೆ, ಬೆನ್ನು ನೋವು ಆಗಿಯೂ ಬರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ. ಮೊದಲ ಒಂದು ಗಂಟೆ ಬಹಳ ಮುಖ್ಯ. ಅಪ್ಪು ಹೆಸರಿನಲ್ಲೇ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿದೆ. ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಯೋಜನೆ ಅದು. ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದು ಕೇಳಿ ಸಂಘದ ಪುಸ್ತಕದಲ್ಲಿ ಬರೆದಿಡಿ.

8. ನೇತ್ರದಾನದ ಬಗ್ಗೆ ಮನೆಯಲ್ಲಿ ಈಗಲೇ ಮಾತಾಡಿ. ಸಾವಾಗಿ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ರೆಪ್ಪೆ ಮುಚ್ಚಿ, ಒದ್ದೆ ಬಟ್ಟೆ ಇಟ್ಟು, ಫ್ಯಾನ್ ನಿಲ್ಲಿಸಬೇಕು. ಕನ್ನಡಕ ಹಾಕಿದವರೂ, ಪೊರೆಯ ಆಪರೇಷನ್ ಆದವರೂ ಕೊಡಬಹುದು. ಮುಖ ವಿಕಾರವಾಗುವುದಿಲ್ಲ.

ಆ ತಾಯಿ ಈಗ ಮತ್ತೆ ಸಂಘಕ್ಕೆ ಬರುತ್ತಾರೆ. ದಂಡದ ಸಾಲುಗಳನ್ನು ಸದಸ್ಯೆಯರೇ ಸೇರಿ ಹೊಡೆದು ಹಾಕಿದರು. ಕಳೆದ ತಿಂಗಳು ಒಬ್ಬರು ಧೈರ್ಯ ಮಾಡಿ, ‘ಅವನಿಗೆ ಎಂತ ಸೇರ್ತಿತ್ತು ಅಕ್ಕಾ?’ ಎಂದು ಕೇಳಿದರು. ‘ಬಂಗಡೆ ಹುರಿದರೆ ಎರಡು ತಟ್ಟೆ ಅನ್ನ ಉಣ್ತಿದ್ದ’ ಎಂದು ಶುರುಮಾಡಿದವರು ಅರ್ಧ ತಾಸು ಮಾತಾಡಿದರು. ಅತ್ತರು. ನಡುವೆ ಒಮ್ಮೆ ನಕ್ಕರು. ಆ ದಿನ ಸಾಲದ ಲೆಕ್ಕ ಸ್ವಲ್ಪ ತಡವಾಯಿತು. ಆಗಲಿ.

ಮುಂದಿನ ವಾರದ ಸಭೆಯಲ್ಲಿ ಎರಡು ಪ್ರಶ್ನೆ ಚರ್ಚಿಸಿ: ನಮ್ಮ ಸಂಘದಲ್ಲಿ ಮಗುವನ್ನು ಕಳೆದುಕೊಂಡ ತಾಯಂದಿರು ಯಾರು? ಅವರ ಮಗುವಿನ ಹೆಸರು ನಮಗೆ ಗೊತ್ತಿದೆಯಾ?