ತಲೆಯೆಣಿಕೆಯ ನಿಯಮ ಮತ್ತು ಮಲೆನಾಡು ಗಿಡ್ಡ



ಹಳ್ಳಿಯೊಂದು ಪಟ್ಟಣ ಪಂಚಾಯಿತಿಯ ಎಲ್ಲೆಯೊಳಗೆ ಸೇರಿದಾಗ ಮನೆಯ ಹಿಂದಿನ ಕೊಟ್ಟಿಗೆ ಇದ್ದಲ್ಲಿಯೇ ಇರುತ್ತದೆ; ಅದನ್ನು ನೋಡುವ ಕಾನೂನು ಬದಲಾಗುತ್ತದೆ. ಅಲ್ಲಿಯವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಆಗ ಏಳುತ್ತದೆ: ಈ ಮನೆಯಲ್ಲಿ ಎಷ್ಟು ದನಗಳಿವೆ? ಇನ್ನೊಂದನ್ನು ಕಟ್ಟಿಕೊಳ್ಳಲು ಯಾರ ಅಪ್ಪಣೆ ಬೇಕು?

ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ರಾಜ್ಯ ಗುಜರಾತ್. 2022ರಲ್ಲಿ ಅಲ್ಲಿನ ವಿಧಾನಸಭೆಯು 8 ಮಹಾನಗರಗಳಿಗೂ 156 ಪಟ್ಟಣಗಳಿಗೂ ಅನ್ವಯಿಸುವ ಮಸೂದೆಯೊಂದನ್ನು ಅಂಗೀಕರಿಸಿತು. ದನ ಸಾಕಲು ಪರವಾನಗಿ ಬೇಕು. ಪರವಾನಗಿ ಸಿಕ್ಕ 15 ದಿನಗಳೊಳಗೆ ಪ್ರತಿ ದನದ ಕಿವಿಗೂ ಬಿಲ್ಲೆ ಹಾಕಿಸಬೇಕು. ತಪ್ಪಿದರೆ ಜೈಲುವಾಸಕ್ಕೂ ಅವಕಾಶವಿತ್ತು. ರಸ್ತೆಯ ದನಗಳಿಂದ ಅಪಘಾತಗಳಾಗುತ್ತಿದ್ದುದು ನಿಜ. ಸರ್ಕಾರದ ಆತಂಕ ಸುಳ್ಳಲ್ಲ. ಆದರೆ ಪಶುಪಾಲಕರಾದ ಮಾಲ್ಧಾರಿಗಳು ಬೀದಿಗಿಳಿದರು. ರಾಜ್ಯಪಾಲರು ಮಸೂದೆಯನ್ನು ಹಿಂದಿರುಗಿಸಿದರು. ಅದೇ ಸೆಪ್ಟೆಂಬರ್ 21ರಂದು ವಿಧಾನಸಭೆ ಅದನ್ನು ಹಿಂಪಡೆಯಿತು. ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 2023ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆಯು ತನ್ನದೇ ನೀತಿಯ ಮೂಲಕ ಪರವಾನಗಿಯನ್ನು ಕಡ್ಡಾಯಗೊಳಿಸಿತು.

ಆಡಳಿತಕ್ಕೆ ಸುಲಭವಾದದ್ದು ತಲೆಯೆಣಿಕೆ. ಬೆಂಗಳೂರಿನಲ್ಲಿ 2018ರಲ್ಲಿ ನಾಯಿಗಳ ವಿಷಯದಲ್ಲಿಯೂ ಹೀಗೆಯೇ ಆಯಿತು: ಫ್ಲಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ಎಂಬ ನಿಯಮ ಬಂದು, ವಿರೋಧದ ನಂತರ ನಿಂತಿತು. ನಾಯಿಯ ಮಾತು ಹಾಗಿರಲಿ, ದನದ ವಿಷಯದಲ್ಲಿ ಈ ಎಣಿಕೆ ಮಲೆನಾಡಿಗೆ ನೇರವಾಗಿ ಅನ್ಯಾಯ ಮಾಡುತ್ತದೆ.

ಮಲೆನಾಡು ಗಿಡ್ಡ ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆಯಲ್ಲಿ ನೋಂದಣಿಯಾದ ತಳಿ. ಬೆಳೆದ ಹಸುವಿನ ತೂಕ 100 ಕಿಲೋ ಆಸುಪಾಸು. ಮಿಶ್ರತಳಿಯ ಹಸು 400 ಕಿಲೋ ತೂಗುವುದು ಅಪರೂಪವಲ್ಲ. ಸಣ್ಣ ಪ್ರಾಣಿ ತನ್ನ ತೂಕಕ್ಕೆ ಹೋಲಿಸಿದರೆ ತುಸು ಹೆಚ್ಚೇ ಮೇಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಹಿಡಿದರೂ ಮೂರು ಗಿಡ್ಡಗಳ ಸಗಣಿ ಒಂದು ಮಿಶ್ರತಳಿಯದನ್ನು ಮೀರಲಾರದು. ‘ಮನೆಗೆ ಎರಡು’ ಎಂಬ ನಿಯಮ ಬಂದರೆ ಜನ ಹೆಚ್ಚು ಹಾಲು ಕೊಡುವ ಎರಡನ್ನೇ ಉಳಿಸಿಕೊಳ್ಳುತ್ತಾರೆ. ದಿನಕ್ಕೆ ಒಂದೆರಡು ಲೀಟರ್ ಕೊಡುವ ಗಿಡ್ಡ ಮೊದಲು ಹೊರಗೆ ಹೋಗುತ್ತದೆ. ತಳಿಯನ್ನು ನೋಂದಾಯಿಸಿದ ಸರ್ಕಾರವೇ ಇನ್ನೊಂದು ಕಚೇರಿಯ ಮೂಲಕ ಅದನ್ನು ಕೊಟ್ಟಿಗೆಯಿಂದ ಬಿಡಿಸಿದಂತೆ.

ಹಾಗಾದರೆ ಅಳೆಯಬೇಕಾದದ್ದೇನು? ಕೊಟ್ಟಿಗೆಯ ಜಾಗ, ಗೊಬ್ಬರಗುಂಡಿ, ಬಾವಿಯ ದೂರ. ಒಣ ತರಗೆಲೆಯನ್ನು ದಪ್ಪವಾಗಿ ಹಾಸಿದ ಕೊಟ್ಟಿಗೆಯಲ್ಲಿ ಗಂಜಲ ಸೊಪ್ಪಿಗೆ ಇಂಗುತ್ತದೆ. ಅಮೋನಿಯವಾಗಿ ಹಾರಿಹೋಗಬಹುದಾದ ಸಾರಜನಕದ ಒಂದು ಪಾಲು ಗೊಬ್ಬರದಲ್ಲಿಯೇ ಉಳಿಯುತ್ತದೆ. ನೆರೆಮನೆಯವರ ದೂರಿಗೆ ಕಾರಣವಾಗುವ ಘಾಟೂ ತಗ್ಗುತ್ತದೆ. ಮಲೆನಾಡಿನ ಮಳೆಯಲ್ಲಿ ತೆರೆದ ಗುಂಡಿಯ ರಸ ಇಳಿಜಾರು ಹಿಡಿದು ಬಾವಿಗೆ ಸೇರಿ ನೈಟ್ರೇಟನ್ನೂ ರೋಗಾಣುಗಳನ್ನೂ ಒಯ್ಯಬಲ್ಲದು. ಆದ್ದರಿಂದ ಗುಂಡಿ ಬಾವಿಗಿಂತ ಕೆಳಗಿನ ಮಗ್ಗುಲಲ್ಲಿರಬೇಕು, ಅದಕ್ಕೊಂದು ಮಾಡು ಇರಬೇಕು. ಇವಿಷ್ಟನ್ನೂ ಮಾಡದೆ ‘ಅಜ್ಜನ ಕಾಲದಿಂದ ಇದೆ’ ಎಂದಷ್ಟೇ ವಾದಿಸುವವರ ಪರ ನಿಲ್ಲುವುದು ಕಷ್ಟ.

ಅರ್ಜಿ ಕೊಡುವವರು ಮುಖ್ಯಾಧಿಕಾರಿಗಳಿಗೆ ಬರವಣಿಗೆಯಲ್ಲಿಯೇ ಕೊಡಬೇಕು. ಮನೆ, ಕೊಟ್ಟಿಗೆ, ಗುಂಡಿ, ಬಾವಿಗಳನ್ನು ಗುರುತಿಸಿದ ಕೈನಕ್ಷೆ, ದನಗಳ ತಳಿ ಮತ್ತು ಅಂದಾಜು ತೂಕ, ಲಸಿಕೆಯ ವಿವರ, ಸಾಧ್ಯವಾದರೆ ನೆರೆಯವರ ಒಪ್ಪಿಗೆಪತ್ರ ಜೊತೆಗಿರಲಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬಾರದು. ಬಾಯಿಮಾತಿನ ನಿರಾಕರಣೆಗೆ ಬೆಲೆಯಿಲ್ಲ. ಕಾರಣ ಬರೆದ ಹಿಂಬರಹವನ್ನೇ ಕೇಳಬೇಕು. ಯಾವ ನಿಯಮದಡಿ ನಿರಾಕರಿಸಲಾಯಿತು ಎಂಬುದು ಸ್ಪಷ್ಟವಾಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಆ ನಿಯಮದ ಪ್ರತಿಯನ್ನು ಕೋರಬಹುದು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಗಡುವು ಉಂಟು. ವಿದ್ಯಾರ್ಥಿಗಳು ಇಲ್ಲಿ ನೆರವಾಗಬಹುದು: ಅಳತೆಯ ಟೇಪು ಹಿಡಿದು ಗಿಡ್ಡಗಳ ಎದೆಸುತ್ತು ಮತ್ತು ಉದ್ದವನ್ನು ಅಳೆದರೆ ತೂಕದ ಅಂದಾಜು ಸಿಗುತ್ತದೆ. ಆ ಪಟ್ಟಿ ಅರ್ಜಿಯ ಜೊತೆ ಹೋಗಲಿ.