ಮಂಜಿನಲ್ಲಿ ಇಳಿಯುವ ಚುಕ್ಕೆ



ಈಗ ಪರದೆಯ ಮೇಲೆ ಕಂಡ ಅನಿಮೇಷನ್ ಚಿತ್ರದಲ್ಲಿ ಒಂದು ಕೆಂಪು ಚುಕ್ಕೆ ಗುಡ್ಡದಿಂದ ಹೆಜ್ಜೆಹೆಜ್ಜೆಯಾಗಿ ಇಳಿದು ಕಣಿವೆಯಲ್ಲಿ ನಿಂತಿತು. ಚುಕ್ಕೆ ಇರುವ ಜಾಗ ಒಂದು ಆಯ್ಕೆ; ಆ ಜಾಗದ ಎತ್ತರ ಆ ಆಯ್ಕೆಯ ವೆಚ್ಚ. ಅತಿ ತಗ್ಗಿನ ಜಾಗವನ್ನು ಹುಡುಕುವುದಕ್ಕೆ ಗಣಿತದಲ್ಲಿ ಆಪ್ಟಿಮೈಸೇಷನ್ ಎಂಬ ದೊಡ್ಡ ಹೆಸರಿದೆ.

ಮಂಜು ಕವಿದ ಮುಂಜಾವಿನಲ್ಲಿ ಘಟ್ಟ ಇಳಿಯುವವನಿಗೆ ಕಣಿವೆ ಕಾಣದು, ಕಾಲಡಿಯ ಇಳಿಜಾರು ಮಾತ್ರ ತಿಳಿಯುತ್ತದೆ. ಅತ್ಯಂತ ಕಡಿದಾದ ಕಡೆಗೆ ಒಂದು ಹೆಜ್ಜೆ, ಮತ್ತೆ ಅಳತೆ, ಮತ್ತೊಂದು ಹೆಜ್ಜೆ. ಫ್ರಾನ್ಸಿನ ಗಣಿತಜ್ಞ ಕೋಶಿ 1847ರಲ್ಲಿ ಮುಂದಿಟ್ಟ ವಿಧಾನವಿದು. (ನಾವು ಹಾಗೆ ಇಳಿದರೆ ಜಾರಿ ಬೀಳುತ್ತೇವೆ, ಗಣಿತಕ್ಕೆ ಮೊಣಕಾಲಿಲ್ಲ.) ಹೆಜ್ಜೆ ತೀರ ದೊಡ್ಡದಾದರೆ ಚುಕ್ಕೆ ಕಣಿವೆಯನ್ನು ದಾಟಿ ಎದುರು ಗುಡ್ಡಕ್ಕೆ ನೆಗೆಯುತ್ತದೆ, ತೀರ ಚಿಕ್ಕದಾದರೆ ಸಂಜೆಯಾದರೂ ತಲುಪದು. ನಡುದಾರಿಯಲ್ಲಿ ಹೊಂಡ ಸಿಕ್ಕರೆ ಅದನ್ನೇ ತಳವೆಂದು ಬಗೆದು ನಿಂತುಬಿಡುತ್ತದೆ. ಸಮೀಕರಣ ಓದಲಾಗದವರಿಗೂ ಇದು ಚಲಿಸುವ ಚಿತ್ರದಲ್ಲಿ ಕಣ್ಣಿಗೇ ತಿಳಿಯುತ್ತದೆ.

ಆದರೆ ಚಿತ್ರ ಮುಚ್ಚಿಡುವ ಸಂಗತಿಯೊಂದಿದೆ. ಈ ಗುಡ್ಡ ಪ್ರಕೃತಿ ಕೊಟ್ಟದ್ದಲ್ಲ, ಲೆಕ್ಕ ಹಾಕಿದವರು ಕಟ್ಟಿದ್ದು. ರಸ್ತೆಯ ವೆಚ್ಚವೆಂದು ಜಲ್ಲಿ, ಡಾಂಬರು, ದೂರವನ್ನಷ್ಟೇ ಹಿಡಿದರೆ ಚುಕ್ಕೆ ಆರಿಸುವ ಮಾರ್ಗ ಶೋಲಾ ಕಾಡನ್ನು ಸೀಳಿ ಹೋಗಬಹುದು. ಬತ್ತಲಿರುವ ಝರಿಯನ್ನೂ ವೆಚ್ಚಕ್ಕೆ ಸೇರಿಸಿದರೆ ಗುಡ್ಡದ ಆಕಾರವೇ ಬದಲಾಗಿ ಕಣಿವೆ ಬೇರೆಡೆಗೆ ಸರಿಯುತ್ತದೆ. ಎರಡರಲ್ಲೂ ಗಣಿತ ತಪ್ಪಿಲ್ಲ. ಯೋಜನಾ ವರದಿಯಲ್ಲಿ ‘ಅತ್ಯುತ್ತಮ ಮಾರ್ಗ’ವೆಂದು ಕಂಡರೆ, ಯಾವ ಗುಡ್ಡದ ಮೇಲೆ ಎಂದು ಗ್ರಾಮಸಭೆಯಲ್ಲಿ ಕೇಳಿರಿ.

ಈಗ ಎರಡು ಗುಡ್ಡಗಳನ್ನೂ ಅಕ್ಕಪಕ್ಕದಲ್ಲಿ ತೋರಿಸುತ್ತೇನೆ. ದಯವಿಟ್ಟು ದೀಪ ಆರಿಸಿರಿ.