ದಯೆಯೂ ದಂಡನೆಯೂ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ದಯೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿದೆ. ಮಠದ ಅಂಗಳದಲ್ಲಿ ನಿಂತು ದಯೆಯನ್ನು ಕೊಂಡಾಡುವುದು ಕಷ್ಟವಲ್ಲ. ಆದರೆ ಕೊಲೆಯ ಅಪರಾಧಕ್ಕೆ ಗುರಿಯಾದವನೊಬ್ಬನು ಮುಪ್ಪಿನಿಂದಲೋ ಮರಣಾಂತಿಕವಾದ ವ್ಯಾಧಿಯಿಂದಲೋ ಸೆರೆಮನೆಯಲ್ಲಿ ನರಳುತ್ತಿರುವಾಗ, ಅವನನ್ನು ಬಿಡಬೇಕೆ ಬಿಡಬಾರದೆ ಎಂಬ ಪ್ರಶ್ನೆಯು ಎದುರಾದರೆ, ಕೊಂಡಾಡಿದ ನಾಲಗೆಯೇ ತಡವರಿಸುವುದು. ಒಂದು ಪಕ್ಷದವರು ಬಿಡಿರೆನ್ನುವರು. ಇನ್ನೊಂದು ಪಕ್ಷದವರು ಕೂಡದೆನ್ನುವರು. ಮತಗಳ ಲೆಕ್ಕಾಚಾರವೂ ಅದರೊಡನೆ ಬೆರೆಯುವುದು. ಇಂತಹ ಸಂದರ್ಭದಲ್ಲಿ ಭಕ್ತರಾದವರ ನಿಲುವು ಹೇಗಿರಬೇಕೆಂಬುದೇ ಈ ಹೊತ್ತಿನ ವಿಚಾರ.

ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದ ಕಥೆಯನ್ನು ಕೇಳದವರು ಈ ಸಭೆಯಲ್ಲಿ ಇರಲಾರರು. ಕರುಗಳು ತಾಯಿಯನ್ನಗಲಿ ಕೂಗುತ್ತಿವೆ, ಅವುಗಳನ್ನೂ ಕಳ್ಳರಿಗೇ ಒಪ್ಪಿಸಿರಿ ಎಂದು ಅಣ್ಣನವರು ಹೇಳಿದರಂತೆ. ಕ್ಷಮೆಯ ಪರಮಾವಧಿಯಿದು. ಆದರೆ ಆ ಹಸುಗಳು ಅಣ್ಣನವರವೇ ಆಗಿದ್ದುವೆಂಬುದನ್ನು ನಾವು ಮರೆಯಬಾರದು. ತಮ್ಮ ನಷ್ಟವನ್ನು ತಾವೇ ಮನ್ನಿಸಿದರು. ನೆರೆಮನೆಯವನ ಹಸುವನ್ನು ಕಳ್ಳನಿಗೆ ದಾನ ಮಾಡಿ ಅದನ್ನು ದಯೆಯೆಂದು ಅವರು ಕರೆಯಲಿಲ್ಲ. ಸರಕಾರವು ಅಪರಾಧಿಯನ್ನು ಬಿಡುವಾಗ ಮನ್ನಿಸುವುದು ತನ್ನ ನಷ್ಟವನ್ನಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸಿನ, ಮಗನನ್ನು ಕಳೆದುಕೊಂಡ ತಂದೆಯ ನಷ್ಟವನ್ನು. ಆದುದರಿಂದ ಶರಣನ ಕ್ಷಮೆಗೆ ಇಲ್ಲದ ಕಟ್ಟಳೆಗಳು ಸರಕಾರದ ಕ್ಷಮೆಗೆ ಇರತಕ್ಕದ್ದು.

ಹಾಗೆಂದ ಮಾತ್ರಕ್ಕೆ ದಂಡನೆಯೇ ಧರ್ಮವೆಂದು ತಿಳಿಯಲಾಗದು. ಕಲ್ಯಾಣದಲ್ಲಿ ಹರಳಯ್ಯ ಮಧುವರಸರಿಗೆ ವಿಧಿಸಿದ ಎಳೆಹೂಟೆಯ ಕಥೆಯನ್ನು ಕೇಳುತ್ತ ಬೆಳೆದ ಸಮಾಜ ನಮ್ಮದು. ಕರುಣೆಯಿಲ್ಲದ ದೊರೆಯ ದಂಡವು ಎಂತಹುದೆಂಬುದನ್ನು ನಮಗೆ ಬೇರೆಯವರು ಬಂದು ತಿಳಿಸಬೇಕಾಗಿಲ್ಲ. ನಮ್ಮ ದೇಶದ ಸಂವಿಧಾನವೂ ದಯೆಗೆ ಬಾಗಿಲನ್ನು ತೆರೆದಿಟ್ಟಿದೆ. ಅದರ 72ನೆಯ ವಿಧಿಯಲ್ಲಿ ರಾಷ್ಟ್ರಪತಿಗಳಿಗೂ, 161ನೆಯ ವಿಧಿಯಲ್ಲಿ ರಾಜ್ಯಪಾಲರಿಗೂ ಶಿಕ್ಷೆಯನ್ನು ಇಳಿಸುವ ಅಧಿಕಾರವಿದೆ. ಇವಲ್ಲದೆ ಸರಕಾರಗಳು ಕಾಯಿದೆಯ ಮೇರೆಗೆ ಶಿಕ್ಷೆಯ ಉಳಿದ ಭಾಗವನ್ನು ಮನ್ನಾ ಮಾಡಬಹುದು. ಆದರೆ ಮರಣದಂಡನೆಗೂ ಅರ್ಹವಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯನ್ನು ಹೊಂದಿದವನನ್ನು ಕಾಯಿದೆಯ ಈ ದಾರಿಯಲ್ಲಿ ಬಿಡಬೇಕಾದರೆ ಅವನು 14 ವರ್ಷಗಳನ್ನಾದರೂ ಸೆರೆಯಲ್ಲಿ ಕಳೆದಿರಬೇಕೆಂದು 1978ರಿಂದ ನಿಯಮವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಅದು ಉಳಿದಿದೆ.

ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಕರಣವನ್ನು ನೋಡೋಣ. ನಾವೆಲ್ಲರೂ ಭಕ್ತಿಯಿಂದ ಯಾತ್ರೆ ಹೋಗುವ ಮಲೆ ಮಹದೇಶ್ವರ ಬೆಟ್ಟದ ಸಮೀಪದ ಪಾಲಾರಿನಲ್ಲಿ, 1993ರ ಏಪ್ರಿಲ್ 9ರಂದು, ವೀರಪ್ಪನ್ನನ ಕಡೆಯವರು ನೆಲದಲ್ಲಿ ಹುದುಗಿಸಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ, ಪೊಲೀಸರೂ ಅರಣ್ಯ ಇಲಾಖೆಯವರೂ ಸುಳಿವು ಕೊಡುವವರೂ ಸೇರಿ 22 ಮಂದಿ ಮಡಿದರು. ಮೈಸೂರಿನ ವಿಶೇಷ ನ್ಯಾಯಾಲಯವು 2001ರಲ್ಲಿ ಅಪರಾಧಿಗಳಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಲ್ಲಿ ನಾಲ್ವರಿಗೆ ಅದನ್ನು ಮರಣದಂಡನೆಯಾಗಿ ಹೆಚ್ಚಿಸಿತು. ಅವರ ದಯಾಭಿಕ್ಷೆಯ ಅರ್ಜಿಗೆ ಉತ್ತರ ಬರಲು ಸುಮಾರು ಒಂಬತ್ತು ವರ್ಷಗಳು ಹಿಡಿದುವು. 2013ರ ಫೆಬ್ರವರಿಯಲ್ಲಿ ಅರ್ಜಿಯು ತಿರಸ್ಕೃತವಾದಾಗ, ಗಲ್ಲಿಗೇರಿಸಿರಿ ಎಂದವರೂ ಬೇಡವೆಂದವರೂ ಉಚ್ಚ ಕಂಠದಿಂದ ವಾದಿಸಿದರು. 2014ರ ಜನವರಿ 21ರಂದು ಸರ್ವೋಚ್ಚ ನ್ಯಾಯಾಲಯವು, ಇಷ್ಟು ಕಾಲ ಮನುಷ್ಯನನ್ನು ನೇಣಿನ ನೆರಳಿನಲ್ಲಿ ನಿಲ್ಲಿಸುವುದು ಅನ್ಯಾಯವೆಂದು ಬಗೆದು, ದೇಶದ ಬೇರೆಬೇರೆ ಸೆರೆಮನೆಗಳ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಈ ನಾಲ್ವರೂ ಅವರಲ್ಲಿ ಸೇರಿದ್ದರು. ಇವರಲ್ಲಿ ಜ್ಞಾನಪ್ರಕಾಶನೆಂಬವನು ಶ್ವಾಸಕೋಶದ ಅರ್ಬುದ ರೋಗಕ್ಕೆ ತುತ್ತಾಗಿ, 29 ವರ್ಷಗಳ ಸೆರೆಯ ತರುವಾಯ, 2022ರ ಡಿಸೆಂಬರಿನಲ್ಲಿ ಮಾನವೀಯತೆಯ ಕಾರಣದಿಂದ ಜಾಮೀನಿನ ಮೇಲೆ ಮೈಸೂರಿನ ಸೆರೆಮನೆಯಿಂದ ಹೊರಬಂದನು.

ಆ 22 ಮಂದಿಗೆ ಯಾರು ಕರುಣೆ ತೋರಿದರು ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ಗದರಿಸುವ ಅಧಿಕಾರ ನಮಗಿಲ್ಲ. ಆದರೆ ಗಮನಿಸತಕ್ಕ ಸಂಗತಿಗಳೂ ಇವೆ. ಇಲ್ಲಿ ತೀರ್ಪು ಅಳಿಸಿಹೋಗಲಿಲ್ಲ. ಅಪರಾಧವು ಅಪರಾಧವಾಗಿಯೇ ಉಳಿಯಿತು. ಬಾಗಿಲು ತೆರೆದುದು ಯಾವ ಮುಖಂಡನ ಶಿಫಾರಸಿನಿಂದಲೂ ಅಲ್ಲ, ನ್ಯಾಯಾಲಯದ ಅಪ್ಪಣೆಯಿಂದ. ಸಾಯುವ ರೋಗಿಯನ್ನು ಕಂಬಿಯ ಹಿಂದೆ ಇಡುವುದರಿಂದ ಸತ್ತವರ ಮನೆಗಳಿಗೆ ಸೇರುವುದು ಏನೂ ಉಳಿದಿರಲಿಲ್ಲ. ಇಂತಹ ಬಿಡುಗಡೆಯನ್ನು ದಯೆಯೆಂದು ಕರೆಯಲು ನನಗೆ ಸಂಕೋಚವಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಅದೇ ಕಾಡಿನಿಂದಲೇ ಬಂದುದು. 2000ದ ಜುಲೈ 30ರಂದು ಡಾಕ್ಟರ್ ರಾಜ್‌ಕುಮಾರರನ್ನು ಗಾಜನೂರಿನಿಂದ ವೀರಪ್ಪನ್ ಅಪಹರಿಸಿ, ಟಾಡಾ ಕಾಯಿದೆಯ ಮೇರೆಗೆ ಮೈಸೂರಿನ ಸೆರೆಮನೆಯಲ್ಲಿದ್ದ ತನ್ನ ಪ್ರಕರಣಗಳ ಆಪಾದಿತರನ್ನು ಬಿಡಬೇಕೆಂದು ಪಟ್ಟುಹಿಡಿದನು. ಅವರ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ನಾಡೆಲ್ಲ ಕಳವಳಗೊಂಡಿತ್ತು, ಸರಕಾರವು ಮೊಕದ್ದಮೆಗಳನ್ನು ಹಿಂದೆಗೆಯಲು ಮುಂದಾಯಿತು. ಆಗ, ವೀರಪ್ಪನ್ನನ ಕಡೆಯವರ ಗುಂಡಿಗೆ ಬಲಿಯಾಗಿದ್ದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದರ ವೃದ್ಧ ತಂದೆ ಅಬ್ದುಲ್ ಕರೀಮರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ನವೆಂಬರ್ 7ರಂದು ನ್ಯಾಯಾಲಯವು ಆ ಬಿಡುಗಡೆಯನ್ನು ತಡೆಯಿತು. ರಾಜ್‌ಕುಮಾರರು ನವೆಂಬರ್ 15ರಂದು ಸುರಕ್ಷಿತವಾಗಿ ಮರಳಿದರು. ಇಡೀ ನಾಡು ಒಂದು ಕಡೆಗೆ ವಾಲಿದ್ದಾಗ ಒಬ್ಬ ತಂದೆಯು ಇನ್ನೊಂದು ಕಡೆಗೆ ನಿಂತು, ನನ್ನ ಮಗನ ಸಾವಿನ ಲೆಕ್ಕವನ್ನು ನನ್ನನ್ನು ಕೇಳದೆ ಮುಚ್ಚಬೇಡಿರೆಂದು ತನ್ನ ನಡತೆಯಿಂದಲೇ ಸಾರಿದನು. ಭಯದಿಂದ ಬಿಡುವುದು ದಯೆಯಲ್ಲವೆಂಬುದನ್ನು ನಾವು ಅವರಿಂದ ಕಲಿಯತಕ್ಕದ್ದು.

ಭಯದಂತೆಯೇ ಪಕ್ಷಪಾತವೂ ದಯೆಯನ್ನು ಕೆಡಿಸುವುದು. 2002ರ ಗುಜರಾತಿನ ಗಲಭೆಯಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಗಳಿಗಾಗಿ ಜೀವಾವಧಿ ಶಿಕ್ಷೆ ಹೊಂದಿದ್ದ 11 ಮಂದಿಯನ್ನು 2022ರ ಆಗಸ್ಟ್ 15ರಂದು ಬಿಡಲಾಯಿತು. ಹೊರಬಂದವರಿಗೆ ಹಾರ ಹಾಕಿ ಸಿಹಿ ತಿನ್ನಿಸಿದವರೂ ಇದ್ದರು. ಅನ್ಯಾಯಕ್ಕೊಳಗಾದ ಬಿಲ್ಕಿಸ್ ಬಾನು ಎಂಬ ಹೆಣ್ಣುಮಗಳು ಮತ್ತೆ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2024ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯವು ಆ ಬಿಡುಗಡೆಯನ್ನು ರದ್ದುಪಡಿಸಿ, ಎರಡು ವಾರಗಳೊಳಗೆ ಸೆರೆಮನೆಗೆ ಮರಳಬೇಕೆಂದು ವಿಧಿಸಿತು.

ಹೊರದೇಶದಲ್ಲಿಯೂ ಈ ಬಿಕ್ಕಟ್ಟು ತಲೆದೋರಿದುದುಂಟು. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿ ಎಂಬ ಊರಿನ ಮೇಲೆ ವಿಮಾನವೊಂದು ಸಿಡಿದು 270 ಮಂದಿ ಸತ್ತರು. ಅದರಲ್ಲಿ ಅಪರಾಧಿಯೆಂದು ತೀರ್ಮಾನವಾದ ಲಿಬಿಯಾ ದೇಶದ ಅಲ್ ಮೆಗ್ರಾಹಿಗೆ ಅರ್ಬುದ ರೋಗವು ತಗಲಿ, ಸುಮಾರು ಮೂರು ತಿಂಗಳ ಆಯುಸ್ಸು ಉಳಿದಿದೆಯೆಂಬ ಅಂದಾಜಿನ ಮೇಲೆ, 2009ರ ಆಗಸ್ಟ್ 20ರಂದು ಅಲ್ಲಿನ ನ್ಯಾಯಮಂತ್ರಿಯು ಕರುಣೆಯಿಂದ ಅವನನ್ನು ಬಿಟ್ಟನು. ಅಮೆರಿಕಾ ಸರಕಾರವು ಆಕ್ಷೇಪಿಸಿತು. ಇದರ ಹಿಂದೆ ಎಣ್ಣೆಯ ವ್ಯಾಪಾರವಿದೆಯೆಂದು ಸಂದೇಹಪಟ್ಟವರೂ ಉಂಟು. ಅವನನ್ನು ಟ್ರಿಪೊಲಿಯಲ್ಲಿ ಜನರು ಬಾವುಟ ಬೀಸಿ ಎದುರುಗೊಂಡರು. ಅವನು ಮಡಿದುದು 2012ರ ಮೇ ತಿಂಗಳಲ್ಲಿ. ವೈದ್ಯರ ಅಂದಾಜು ತಪ್ಪಿದರೆ ದಯೆಯು ಸುಳ್ಳಾಗದು. ಆಯುಸ್ಸು ಮನುಷ್ಯನ ಕೈಯಲ್ಲಿಲ್ಲ. ಆದರೆ ಆ ಬಾವುಟಗಳೂ ಗುಜರಾತಿನ ಆ ಹಾರಗಳೂ ಸತ್ತವರ ಮನೆಯವರ ಗಾಯಕ್ಕೆ ಉಪ್ಪು ಸವರಿದುವು. ಕ್ಷಮೆ ಪಡೆದವನು ತಲೆತಗ್ಗಿಸಿ ಮನೆಗೆ ಹೋಗತಕ್ಕದ್ದು; ಮೆರವಣಿಗೆಯಲ್ಲಿ ಅಲ್ಲ.

ಶರಣಬಂಧುಗಳೇ, ಇವೆಲ್ಲವೂ ದೂರದ ಮಾತೆಂದು ತಿಳಿಯಬೇಡಿರಿ. ನಮ್ಮ ತೆಂಗಿನ ಸೀಮೆಯಲ್ಲಿ ಬದುವಿನ ಜಗಳ, ನೀರಿನ ಜಗಳ, ಭಾಗದ ಜಗಳಗಳು ಮಚ್ಚಿನ ಪೆಟ್ಟಿನಲ್ಲಿ ಕೊನೆಗಾಣುವುದುಂಟು. ಕೊಂದವನ ಮನೆಯೂ ಸತ್ತವನ ಮನೆಯೂ ಒಂದೇ ಬೀದಿಯಲ್ಲಿರುವುವು; ಎರಡು ಮನೆಯವರೂ ಒಂದೇ ಮಠದ ಭಕ್ತರಾಗಿರುವರು. ಸೆರೆಗೆ ಹೋದ ವರ್ಷ ನೆಟ್ಟ ತೆಂಗಿನ ಸಸಿಯು ಆರೇಳು ವರ್ಷಕ್ಕೆ ಫಲಕ್ಕೆ ಬಂದು, ಅವನು ಹಿಂದಿರುಗುವ ಹೊತ್ತಿಗೆ ಅದರ ಕಾಯಿ ಎಷ್ಟೋ ಬಾರಿ ಅಟ್ಟವೇರಿ ಕೊಬ್ಬರಿಯಾಗಿ ತಿಪಟೂರಿನ ಪೇಟೆಯನ್ನು ಸೇರಿರುವುದು. ಅವನು ಮುಪ್ಪಿನಲ್ಲಾದರೂ ಆ ಮರದ ನೆರಳನ್ನು ಕಾಣುವನು. ಸತ್ತವನು ಕಾಣನು.

ಆದುದರಿಂದ ಬಿಡುಗಡೆಯ ಮನವಿಯ ಕಾಗದವನ್ನು ಹಿಡಿದು ಯಾರಾದರೂ ನಿಮ್ಮ ರುಜುವಿಗಾಗಿ ಬಂದರೆ, ಅವನು ನಮ್ಮವನೆ ಎಂದು ಕೇಳಬೇಡಿರಿ. ಇದೇ ಸ್ಥಿತಿಯಲ್ಲಿರುವ, ದಿಕ್ಕಿಲ್ಲದ, ಬೇರೆ ಕುಲದ ಸೆರೆಯಾಳಿಗೂ ನಾನು ರುಜು ಹಾಕುವೆನೆ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಹಾಕಲಾರೆನೆಂದಾದರೆ ಅದು ಬಂಧುಪ್ರೇಮವೇ ಹೊರತು ದಯೆಯಲ್ಲ. ರೋಗವು ನಿಜವೆ, ಕಾಯಿದೆಯ ದಾರಿಯಲ್ಲಿ ಅರ್ಜಿಯು ನಡೆದಿದೆಯೆ ಎಂಬುದನ್ನು ವಿಚಾರಿಸಿರಿ. ಎಲ್ಲಕ್ಕಿಂತ ಮೊದಲು ಸತ್ತವನ ಮನೆಗೆ ಹೋಗಿ ಕುಳಿತು ಅವರ ಮಾತನ್ನು ಕೇಳಿರಿ. ಒಪ್ಪಿರೆಂದು ಒತ್ತಾಯಿಸಬೇಡಿರಿ. ಅವರು ಒಪ್ಪದೆ ಇದ್ದರೂ ಕಾಯಿದೆಯು ರೋಗಿಯನ್ನು ಬಿಡಬಹುದು. ಬಿಡುವುದೇ ಸರಿಯಾಗಿಯೂ ಇರಬಹುದು. ಆದರೆ ಅವರನ್ನು ಕೇಳದೆ ಮಾಡಿದ ದಯೆಯು ಅವರ ಪಾಲಿಗೆ ಎರಡನೆಯ ಪೆಟ್ಟಾಗುವುದು.

ಬಿಡುಗಡೆಯಾಗಿ ಬಂದವನಿಗೆ ದಾಸೋಹದ ಪಂಕ್ತಿಯಲ್ಲಿ ಎಡೆಯಿರಲಿ. ಸತ್ತವನ ಮಕ್ಕಳ ಓದಿಗೂ ತೋಟಕ್ಕೂ ಊರಿನ ಆಸರೆಯಿರಲಿ. ಇವೆರಡರಲ್ಲಿ ಒಂದನ್ನು ಮಾತ್ರ ಮಾಡುವ ಊರು ದಯೆಯನ್ನು ಅರ್ಧದಲ್ಲಿಯೇ ಬಿಟ್ಟಂತೆ. ಎರಡನ್ನೂ ನಡೆಸುವ ಶಕ್ತಿಯನ್ನು ಶ್ರೀಗುರುವು ನಮಗೆ ಅನುಗ್ರಹಿಸಲಿ.